ಜಾಹೀರಾತಿನ ಮಡಿ

ಅಮೆರಿಕದ ಜಾಹೀರಾತಿಗೆ ಮಡಿ ಬಹಳ. ನಮ್ಮ ಅಜ್ಜಿಯರ ಮಡಿಗೆ ಗಳದ ಮೇಲೆ ಒಣಗಿದ ಸೀರೆ, ಅದನ್ನು ಎಳೆದುಕೊಳ್ಳಲು ಒಂದು ಕೋಲು, ಹತ್ತಿರ ಸುಳಿದ ಮೊಮ್ಮಕ್ಕಳಿಗೆ ಒಂದು ಗದರಿಕೆ, ಇಷ್ಟು ಸಾಕಾಗುತ್ತಿತ್ತು. ಈ ಮಡಿಗೆ ಸರ್ವರುಗಳು ಬೇಕು, ಸಾಫ್ಟ್‌ವೇರ್ ಬೇಕು, ಅದನ್ನು ಮಾರಿ ಬದುಕುವ ಕಂಪನಿಗಳು ಬೇಕು. ಇಂಟರ್ನೆಟ್ಟಿನಲ್ಲಿ ನೀವೊಂದು ಸುದ್ದಿ ತೆರೆದರೆ, ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಅದರ ಪಕ್ಕದ ಜಾಗ ಹರಾಜಾಗಿ ಹೋಗಿರುತ್ತದೆ. ಬೆಲೆ ಕೂಗುವ ಮೊದಲು ಸೋಪಿನ ಕಂಪನಿಯ ಪರವಾಗಿ ಒಂದು ಯಂತ್ರ ಸುದ್ದಿಯನ್ನು ಮೂಸಿ ನೋಡುತ್ತದೆ. ಮುಟ್ಟಬಾರದ ಪದಗಳ ಪಟ್ಟಿಯೊಂದು ಅದರ ಬಳಿ ಇರುತ್ತದೆ. ಅಂಥ ಪದ ಕಣ್ಣಿಗೆ ಬಿತ್ತೋ, ಸೋಪು ಸೆರಗು ಬಿಗಿದುಕೊಂಡು ಆಚೆ ಸರಿಯುತ್ತದೆ. ಬರೆದವರಿಗೆ ಕಾಸಿಲ್ಲ. ಆ ಲೋಕದವರು ಇದನ್ನು ‘ಬ್ರ್ಯಾಂಡ್ ಸೇಫ್ಟಿ’ ಅನ್ನುತ್ತಾರೆ.

ಕೊಲೆ, ಅತ್ಯಾಚಾರ, ಬಾಂಬು ಇವುಗಳ ಪಕ್ಕ ಮಗುವಿನ ಪೌಡರಿನ ಡಬ್ಬಿ ಬೇಡ ಎಂದರೆ ಒಪ್ಪೋಣ. ಆದರೆ ಮಡಿಯೆಂಬುದು ಒಮ್ಮೆ ಶುರುವಾದರೆ ಅಲ್ಲಿಗೇ ನಿಲ್ಲುವುದಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ. ಜೂನ್ 2ರಂದು ಕಂಪನಿಗಳು ಸಾಲುಗಟ್ಟಿ ಇನ್‌ಸ್ಟಾಗ್ರಾಮಿನಲ್ಲಿ ಕಪ್ಪು ಚೌಕ ಅಂಟಿಸಿ ಮಮ್ಮಲ ಮರುಗಿದವು. ಅದೇ ಹೊತ್ತಿಗೆ ವೈಸ್ ಎಂಬ ಮಾಧ್ಯಮ ಸಂಸ್ಥೆ ತನ್ನ ಜಾಹೀರಾತುದಾರರು ಕೊಟ್ಟಿದ್ದ ಪಟ್ಟಿಗಳನ್ನು ಬಿಡಿಸಿ ನೋಡಿತು. ಮೈಲಿಗೆಯ ಪದಗಳ ಸಾಲಿನಲ್ಲಿ ‘ಜಾರ್ಜ್ ಫ್ಲಾಯ್ಡ್’ ಇತ್ತು, ‘ಪ್ರತಿಭಟನೆ’ ಇತ್ತು, ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಇತ್ತು, ಬರೀ ‘ಕಪ್ಪು ಜನ’ ಎಂಬುದೂ ಇತ್ತು. ಮಾರ್ಕೆಟಿಂಗ್ ವಿಭಾಗ ಮುಂಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಹಿಂಬಾಗಿಲಲ್ಲಿ ಯಂತ್ರ ನೀರು ಚಿಮುಕಿಸಿ ಶುದ್ಧಿ ಮಾಡುತ್ತಿತ್ತು.

ಮರುವರ್ಷ ‘ದಿ ಮಾರ್ಕಪ್’ನ ಪತ್ರಕರ್ತರು ಗೂಗಲ್ಲಿನ ಮನೆಯೊಳಗೂ ಇಣುಕಿದರು. ಯೂಟ್ಯೂಬಿನಲ್ಲಿ ಜಾಹೀರಾತು ಹಾಕಲು ವಿಡಿಯೊ ಹುಡುಕುವವರು ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂದು ಟೈಪಿಸಿದರೆ ಏನೂ ಸಿಗುತ್ತಿರಲಿಲ್ಲ; ‘ವೈಟ್ ಲೈವ್ಸ್ ಮ್ಯಾಟರ್’ ಎಂದರೆ ಬಾಗಿಲು ತೆರೆಯುತ್ತಿತ್ತು. ‘ಬ್ಲ್ಯಾಕ್ ಪವರ್’ ನಿಷಿದ್ಧ, ‘ವೈಟ್ ಪವರ್’ ನಿರಾತಂಕ. ಪತ್ರಕರ್ತರು ಪ್ರಶ್ನೆ ಕಳಿಸಿದ ಮೇಲೆ ಕಂಪನಿ ಎಚ್ಚೆತ್ತು ಬಿಳಿಯ ಪದಗಳಿಗೂ ಬೀಗ ಹಾಕಿತು. ಆ ಉತ್ಸಾಹದಲ್ಲೇ ಜನಾಂಗ ನ್ಯಾಯಕ್ಕೆ ಸಂಬಂಧಿಸಿದ ಇನ್ನಷ್ಟು ಪದಗಳಿಗೂ ಹಾಕಿತು. ಸಮಾನತೆ ಸಾಧಿಸಲು ಇದೂ ಒಂದು ದಾರಿ ತಾನೇ.

ಈಗ ಹೇಳಿ, ಕಪ್ಪು ಜನರ ಸುದ್ದಿಯನ್ನೇ ಬರೆಯುವ ಪುಟ್ಟ ಅಂತರ್ಜಾಲ ಪತ್ರಿಕೆ ನಡೆಸುವವರು ‘ಕಪ್ಪು’ ಎಂಬ ಪದ ಬಳಸದೆ ಏನು ಬರೆಯಬೇಕು? ಕೂದಲಿನ ಎಣ್ಣೆಯ ಬಗ್ಗೆ ಬರೆಯಬಹುದು. ನಟಿಯರ ಮದುವೆ, ಗಾಯಕರ ವಿಚ್ಛೇದನ ಬರೆಯಬಹುದು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಹದಿನಾಲ್ಕರ ಹುಡುಗ ಎಮೆಟ್ ಟಿಲ್‌ನನ್ನು ಕೊಂದು ನದಿಗೆಸೆದಾಗ, ಮಗನ ಮುಖ ಲೋಕವೆಲ್ಲ ನೋಡಲಿ ಎಂದು ತಾಯಿ ಮೇಮೀ ಶವಪೆಟ್ಟಿಗೆಯನ್ನು ತೆರೆದಿಡಿಸಿದರು. ಗುರುತೇ ಸಿಗದ ಆ ಮುಖದ ಚಿತ್ರವನ್ನು ಅಚ್ಚುಹಾಕಿದ್ದು ಕಪ್ಪು ಜನರದ್ದೇ ಪತ್ರಿಕೆ ‘ಜೆಟ್’. ಆ ಒಂದು ಚಿತ್ರ ಒಂದು ಪೀಳಿಗೆಯನ್ನೇ ಬೀದಿಗಿಳಿಸಿತು. ಇಂದಿನ ಯಂತ್ರಕ್ಕೆ ಆ ಪುಟ ಕೊಟ್ಟು ನೋಡಿ: ಹಿಂಸೆ, ಸಾವು, ಜನಾಂಗ. ಮೂರೂ ಮೈಲಿಗೆ. ಆದಾಯ ಸೊನ್ನೆ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹಲುಬುವವನು ನಾನಲ್ಲ. 1827ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಕಾರ್ನಿಷ್ ಮತ್ತು ಜಾನ್ ರಸ್‌ವರ್ಮ್ ಶುರುಮಾಡಿದ ‘ಫ್ರೀಡಮ್ಸ್ ಜರ್ನಲ್’, ಕಪ್ಪು ಅಮೆರಿಕನ್ನರೇ ಮಾಲೀಕರಾದ ಮೊದಲ ಪತ್ರಿಕೆ, ಎರಡೇ ವರ್ಷ ಬದುಕಿತು. 1892ರಲ್ಲಿ ಮೆಂಫಿಸ್‌ನ ಐಡಾ ಬಿ. ವೆಲ್ಸ್, ಗುಂಪುಗೂಡಿ ನೇಣುಹಾಕುವವರ ಬಣ್ಣ ಬಯಲುಮಾಡಿ ಬರೆದದ್ದಕ್ಕೆ ಊರಿನ ಬಿಳಿಯರು ಅವರ ‘ಫ್ರೀ ಸ್ಪೀಚ್’ ಪತ್ರಿಕೆಯ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು. ಈಗ ಅಷ್ಟು ಕಷ್ಟ ಯಾರೂ ಪಡಬೇಕಿಲ್ಲ. ದೊಣ್ಣೆ ಹಿಡಿದು ರಾತ್ರಿ ಹೊರಡುವ ಶ್ರಮವಿಲ್ಲ, ಬೆಳಿಗ್ಗೆ ಪೇಪರಿನಲ್ಲಿ ಕೆಟ್ಟ ಹೆಸರಿಲ್ಲ. ಪಟ್ಟಿಗೊಂದು ಪದ ಸೇರಿಸಿದರೆ ಮುಗಿಯಿತು.

ಈ ಮಡಿಯನ್ನು ಮುರಿದು ಜಾಹೀರಾತು ಕಿತ್ತು ತಂದವರಲ್ಲಿ ದೊಡ್ಡ ಹೆಸರು ಷಿಕಾಗೋದ ಜಾನ್ ಎಚ್. ಜಾನ್ಸನ್ ಅವರದು. 1942ರಲ್ಲಿ ಪತ್ರಿಕೆಗೆಂದು ಸಾಲ ಕೇಳಲು ಹೋದಾಗ ಬ್ಯಾಂಕು ಅವರ ಬಣ್ಣ ನೋಡಿ ವಾಪಸು ಕಳಿಸಿತು. ತಾಯಿಯ ಮನೆಯ ಕುರ್ಚಿ ಮೇಜು ಒತ್ತೆಯಿಟ್ಟು 500 ಡಾಲರ್ ತಂದು ‘ನೀಗ್ರೋ ಡೈಜೆಸ್ಟ್’ ಹೊರಡಿಸಿದರು. ಇದನ್ನು ಯಾರು ಕೊಳ್ಳುತ್ತಾರೆಂದು ವಿತರಕ ಮೂಗು ಮುರಿದ. ಜಾನ್ಸನ್ ಗೆಳೆಯರನ್ನೆಲ್ಲ ಪೇಪರ್ ಅಂಗಡಿಗಳಿಗೆ ಅಟ್ಟಿ, ಆ ಪತ್ರಿಕೆ ಬಂದಿದೆಯಾ ಎಂದು ಕೇಳಿಸಿದರು. ಬಂದ ಮೇಲೆ ಅವರ ಕೈಯಿಂದಲೇ ಕೊಳ್ಳಿಸಿದರು. ಇದೇ ಕಸುಬಿಗೆ ಇಂದು ಸರ್ಚ್ ಇಂಜಿನ್ ಆಪ್ಟಿಮೈಸೇಶನ್ ಎಂಬ ಗಂಭೀರ ಹೆಸರಿಟ್ಟು ಶುಲ್ಕ ವಸೂಲು ಮಾಡುತ್ತಾರೆ.

1945ರಲ್ಲಿ ‘ಎಬೊನಿ’ ಬಂತು. ಪ್ರತಿಗಳು ಖರ್ಚಾಗುತ್ತಿದ್ದವು, ಜಾಹೀರಾತು ಮಾತ್ರ ಹತ್ತಿರ ಬರಲೊಲ್ಲದು. ಕಪ್ಪು ಜನ ರೇಡಿಯೊ ಕೊಳ್ಳುತ್ತಿದ್ದರು, ಕಾರು ಕೊಳ್ಳುತ್ತಿದ್ದರು. ಅವರ ದುಡ್ಡಿಗೆ ಮೈಲಿಗೆ ಇರಲಿಲ್ಲ, ಅವರ ಪತ್ರಿಕೆಗೆ ಇತ್ತು. ಜೆನಿತ್ ರೇಡಿಯೊ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್ ಒಂದು ಕಾಲಕ್ಕೆ ಉತ್ತರ ಧ್ರುವದ ಕಡೆ ಸಾಹಸಯಾತ್ರೆ ಹೋದವರೆಂಬುದನ್ನು ಜಾನ್ಸನ್ ಪತ್ತೆಮಾಡಿದರು. 1909ರಲ್ಲಿ ರಾಬರ್ಟ್ ಪಿಯರಿಯ ಜೊತೆ ಧ್ರುವಯಾತ್ರೆ ಮಾಡಿದ ಕಪ್ಪು ಅನ್ವೇಷಕ ಮ್ಯಾಥ್ಯೂ ಹೆನ್ಸನ್ ಅವರ ಆತ್ಮಕಥೆಗೆ ಅವರಿಂದಲೇ ಸಹಿ ಹಾಕಿಸಿಕೊಂಡು ಕಂಕುಳಲ್ಲಿಟ್ಟುಕೊಂಡು ಹೋದರು. ಪುಸ್ತಕ ನೋಡಿ ಯಜಮಾನರು ಕರಗಿದರು. ಜಾಹೀರಾತು ಕೊಟ್ಟರು, ಬೇರೆ ಕಂಪನಿಗಳವರಿಗೂ ಫೋನು ಮಾಡಿ ಕೊಡಿಸಿದರು. ಒಂದು ಪುಟದ ಜಾಹೀರಾತಿಗಾಗಿ ಕಪ್ಪು ಸಂಪಾದಕ ಉತ್ತರ ಧ್ರುವದವರೆಗೆ ಹೋಗಬೇಕಾಯಿತು. ಬಿಳಿಯ ಸಂಪಾದಕನಿಗೆ ಊಟದ ಹೋಟೆಲ್ಲಿನವರೆಗೆ ಹೋದರೆ ಸಾಕಾಗಿತ್ತು.

ಅವರದೇ ಇನ್ನೊಂದು ಕಥೆ ನನಗೆ ಅದಕ್ಕಿಂತ ಇಷ್ಟ. ಮಿಷಿಗನ್ ಅವೆನ್ಯೂದಲ್ಲಿ ಕಚೇರಿಗೆ ಕಟ್ಟಡ ಬೇಕಿತ್ತು. ಕಪ್ಪು ಮನುಷ್ಯನಿಗೆ ಮಾರುವವರಿಲ್ಲ. ಬಿಳಿಯ ವಕೀಲರೊಬ್ಬರನ್ನು ಮುಂದಿಟ್ಟು ವ್ಯಾಪಾರ ಕುದುರಿಸಿದರು. ಕೊಳ್ಳುವ ಮೊದಲು ಒಳಗೆ ನೋಡಬೇಕಲ್ಲ? ಜಾನ್ಸನ್ ಕೆಲಸದಾಳಿನ ಬಟ್ಟೆ ತೊಟ್ಟು, ಜಾಡಮಾಲಿಯ ವೇಷದಲ್ಲಿ ಹೋಗಿ ತಮ್ಮ ಆಗಲಿರುವ ಕಟ್ಟಡವನ್ನು ಮೂಲೆಮೂಲೆಯೂ ನೋಡಿ ಬಂದರು. ಗುಡಿಸಲು ಬಂದವನನ್ನು ಯಾರೂ ತಡೆಯಲಿಲ್ಲ. ಮಾಧ್ಯಮ ಮಾಲೀಕತ್ವದ ಬಗ್ಗೆ ಸಂಶೋಧನಾ ಗ್ರಂಥ ಬರೆಯುವವರು ಈ ಒಂದು ಪುಟ ಓದಿದರೆ ಮಿಕ್ಕದ್ದನ್ನು ಹಾರಿಸಬಹುದು.

ಅಷ್ಟು ಕಷ್ಟಪಟ್ಟು ಕಟ್ಟಿದ್ದರ ಗತಿ ಏನಾಯಿತು? 2016ರಲ್ಲಿ ‘ಎಬೊನಿ’ಯೂ ಜಾನ್ಸನ್ ಅವರದೇ ಆದ ‘ಜೆಟ್’ ಕೂಡ ಒಂದು ಹೂಡಿಕೆ ಕಂಪನಿಯ ಪಾಲಾದವು. ಆ ಕಂಪನಿಯ ಮಾಲೀಕರೂ ಕಪ್ಪು ಜನರೇ. ಹಾಗಾಗಿ ಬರಹಗಾರರಿಗೆ ಸಂಭಾವನೆ ಬಾಕಿ ಉಳಿದಾಗ ಅದನ್ನು ನಮ್ಮವರೇ ಉಳಿಸಿಕೊಂಡರು ಎಂಬ ಸಮಾಧಾನವಾದರೂ ಇತ್ತು. ನಲವತ್ತಕ್ಕೂ ಹೆಚ್ಚು ಬರಹಗಾರರು ಕೋರ್ಟು ಹತ್ತಿದ ಮೇಲೆ ಮಾಲೀಕರು ಕೊಡುವುದಾಗಿ ಒಪ್ಪಿಕೊಂಡರು. 2019ರಲ್ಲಿ ಜಾನ್ಸನ್ ಪ್ರಕಾಶನ ದಿವಾಳಿ ಅರ್ಜಿ ಹಾಕಿತು. ಎಮೆಟ್ ಟಿಲ್‌ನ ಕಾಲಕ್ಕೂ ಮೊದಲಿನಿಂದ ಕೂಡಿಟ್ಟ ಛಾಯಾಚಿತ್ರಗಳ ಭಂಡಾರವನ್ನು ನಾಲ್ಕು ದತ್ತಿಸಂಸ್ಥೆಗಳು ಸೇರಿ 3 ಕೋಟಿ ಡಾಲರಿಗೆ ಕೊಂಡು ಉಳಿಸಿದವು. ‘ಎಬೊನಿ’ಯನ್ನು 2020ರ ಕೊನೆಗೆ 1.4 ಕೋಟಿ ಡಾಲರಿಗೆ ಕೊಂಡವರು ಬ್ಯಾಸ್ಕೆಟ್‌ಬಾಲ್ ಆಡಿ ನಿವೃತ್ತರಾಗಿ ಉದ್ಯಮಿಯಾದ ಜೂನಿಯರ್ ಬ್ರಿಜ್‌ಮನ್. ಅಂದರೆ ಪತ್ರಿಕೆಗಿಂತ ಅದರ ಹಳೆಯ ಫೋಟೊಗಳಿಗೇ ಎರಡು ಪಟ್ಟು ಬೆಲೆ. ಕಪ್ಪು ಪತ್ರಿಕೋದ್ಯಮ ಬದುಕಿರುವಾಗ ಅಪಾಯಕಾರಿ. ಸತ್ತು ಮ್ಯೂಸಿಯಂ ಸೇರಿತೆಂದರೆ ರಾಷ್ಟ್ರದ ಆಸ್ತಿ.

ಅಂತರ್ಜಾಲದಲ್ಲಿ ಹುಟ್ಟಿದವರ ಜಾತಕವೂ ಇದೇ. ‘ದಿ ರೂಟ್’ ಎಂಬ ತಾಣ 2008ರಲ್ಲಿ ಹುಟ್ಟಿತು: ಹಾರ್ವರ್ಡಿನ ಹೆನ್ರಿ ಲೂಯಿ ಗೇಟ್ಸ್ ಅವರ ಕಲ್ಪನೆ, ವಾಷಿಂಗ್ಟನ್ ಪೋಸ್ಟ್ ಕಂಪನಿಯ ದುಡ್ಡು. 2015ರಲ್ಲಿ ಅದು ಸ್ಪ್ಯಾನಿಷ್ ಭಾಷೆಯ ಟೀವಿ ಕಂಪನಿ ಯೂನಿವಿಷನ್‌ಗೆ ಹೋಯಿತು, 2019ರಲ್ಲಿ ಬಾಸ್ಟನ್ನಿನ ಒಂದು ಖಾಸಗಿ ಹೂಡಿಕೆ ಸಂಸ್ಥೆಗೆ. ತಾಣದ ಹೆಸರೇನೋ ಬೇರು. ಕುಂಡ ಮಾತ್ರ ಆಗಾಗ ಬೇರೆಯವರ ಬಾಲ್ಕನಿಗೆ. ಕಪ್ಪು ಮಹಿಳೆಯರ ‘ಎಸೆನ್ಸ್’ ಪತ್ರಿಕೆಯನ್ನು ಟೈಮ್ ಕಂಪನಿ 2005ರಲ್ಲಿ ಪೂರ್ತಿ ನುಂಗಿತು. ಅದನ್ನು ಕಪ್ಪು ಉದ್ಯಮಿಯೊಬ್ಬರು ವಾಪಸು ಕೊಳ್ಳುವಷ್ಟರಲ್ಲಿ 2018. ಸಾಕಿದವರೇ ಮಾರಿದ್ದಾರಲ್ಲ ಎಂದು ಕೇಳುವವರಿದ್ದಾರೆ. ನಿಜ. ಸಾಲ ಕೊಡದ ಬ್ಯಾಂಕು, ಜಾಹೀರಾತು ಕೊಡದ ಕಂಪನಿ, 2018ರಲ್ಲಿ ಒಂದೇ ಏಟಿಗೆ ಸುದ್ದಿಯನ್ನು ಕೆಳಕ್ಕೆ ತಳ್ಳಿದ ಫೇಸ್‌ಬುಕ್ಕು, ಇಷ್ಟೂ ಜನ ಸುತ್ತ ನಿಂತು ಕೈಕಟ್ಟಿ ನೋಡುತ್ತಿರುವಾಗ ಚೆಕ್ಕು ಹಿಡಿದು ಬಂದವನೇ ದೇವರು.

ಇನ್ನು ಭರವಸೆಯ ಹಂಗಾಮಿಗೆ ಬರೋಣ. ಬೈರನ್ ಅಲೆನ್ ಎಂಬ ಮಾಧ್ಯಮ ದೊರೆ ಇದ್ದಾರೆ. ಹವಾಮಾನದ ಚಾನೆಲ್ಲನ್ನು ಮೂವತ್ತು ಕೋಟಿ ಡಾಲರಿನಷ್ಟಕ್ಕೆ ಕೊಂಡವರು, ‘ದಿ ಗ್ರಿಯೊ’ ತಾಣದ ಮಾಲೀಕರಾದವರು. ಬಡಪಾಯಿ ಎಂದು ಕಣ್ಣೀರು ಹಾಕುವ ಅಗತ್ಯವಿಲ್ಲ. ತಮ್ಮ ಚಾನೆಲ್ಲುಗಳನ್ನು ಕೇಬಲ್ ದೈತ್ಯ ಕಾಮ್‌ಕ್ಯಾಸ್ಟ್ ಸೇರಿಸಿಕೊಳ್ಳುತ್ತಿಲ್ಲ, ಕಾರಣ ಬಣ್ಣ, ಎಂದು ಅವರು ದಾವೆ ಹೂಡಿದರು. ಆಧಾರ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೂ ಕರಾರು ಮಾಡಿಕೊಳ್ಳುವ ಹಕ್ಕಿದೆ ಎಂದ 1866ರ ಕಾನೂನು. ಅಂದಿನ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ ಕಾಮ್‌ಕ್ಯಾಸ್ಟ್ ಪರ ನಿಂತಿತು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದ್ದು: ಬಣ್ಣವೂ ಒಂದು ಕಾರಣ ಎಂದರೆ ಸಾಲದು, ಬಣ್ಣ ಇಲ್ಲದಿದ್ದರೆ ಕರಾರು ಆಗಿಯೇ ತೀರುತ್ತಿತ್ತು ಎಂದು ತೋರಿಸಬೇಕು. ಅಲ್ಲಿಗೆ ಮಡಿಯವರಿಗೆ ಒಂದು ಕೈಪಿಡಿಯೇ ಸಿಕ್ಕಿತು. ಬಣ್ಣದ ಜೊತೆಗೆ ಇನ್ನೊಂದು ನೆಪ ಇಟ್ಟುಕೊಂಡಿರಿ.

ಮೇನಲ್ಲಿ ಫ್ಲಾಯ್ಡ್ ಸತ್ತರು. ಜೂನ್‌ನಲ್ಲಿ ಕಾಮ್‌ಕ್ಯಾಸ್ಟ್ ರಾಜಿಯಾಯಿತು, ಅಲೆನ್ ಅವರ ಮೂರು ಚಾನೆಲ್ಲುಗಳನ್ನು ಸೇರಿಸಿಕೊಂಡಿತು. ಒಂಬತ್ತು ನ್ಯಾಯಮೂರ್ತಿಗಳಿಗೆ ಕಾಣದ್ದು ಬೀದಿಯ ಗದ್ದಲದಲ್ಲಿ ಕಂಪನಿಗೆ ಕಂಡಿತು. 2021ರಲ್ಲಿ ಜನರಲ್ ಮೋಟರ್ಸ್ ತನ್ನ ಜಾಹೀರಾತು ದುಡ್ಡಿನಲ್ಲಿ ಕಪ್ಪು ಮಾಲೀಕರಿಗೆ ಆ ವರ್ಷ ನೂರಕ್ಕೆ 2, ಮುಂದಿನ ವರ್ಷ 4, 2025ರ ಹೊತ್ತಿಗೆ 8 ಎಂದು ಘೋಷಿಸಿತು. ಕಪ್ಪು ಜನ ಆ ದೇಶದಲ್ಲಿ ನೂರಕ್ಕೆ ಹದಿಮೂರರಷ್ಟಿದ್ದಾರೆ, ಇರಲಿ. ದೊಡ್ಡ ದುಡ್ಡು ದೊಡ್ಡವರ ಬಾಗಿಲಿಗೇ ಹೋಗುತ್ತದೆ. ಸಣ್ಣ ತಾಣದವರಿಗೆ ಏಜೆನ್ಸಿಯವರು ಸಾವಧಾನವಾಗಿ ತಿಳಿಸುವುದು ‘ನಿಮಗೆ ಸ್ಕೇಲ್ ಇಲ್ಲ’ ಎಂದು. ಓದುಗರು ಹೆಚ್ಚಿದರೆ ಜಾಹೀರಾತು, ಜಾಹೀರಾತು ಬಂದರೆ ವರದಿಗಾರರು, ವರದಿಗಾರರಿದ್ದರೆ ಓದುಗರು. ಈ ಸುತ್ತಿನೊಳಗೆ ಕಾಲಿಡಲು ಜಾಗ ಎಲ್ಲಿದೆ ಎಂದು ಕೇಳಿದರೆ, ಫೆಬ್ರವರಿಯಲ್ಲಿ ಬನ್ನಿ, ಕಪ್ಪು ಇತಿಹಾಸದ ತಿಂಗಳು, ಆಗ ಸ್ವಲ್ಪ ಬಜೆಟ್ ಇರುತ್ತದೆ ಅನ್ನುತ್ತಾರೆ. ಅದು ಇಪ್ಪತ್ತೆಂಟೇ ದಿನದ ತಿಂಗಳು.

ಈ ಸುತ್ತಿನ ಸಹವಾಸವೇ ಬೇಡವೆಂದವರೂ ಇದ್ದಾರೆ. ಟೀವಿ ಕಾರ್ಯಕ್ರಮ ನಿಂತ ಮೇಲೆ ಪತ್ರಕರ್ತ ರೋಲಂಡ್ ಮಾರ್ಟಿನ್ 2018ರಲ್ಲಿ ಯೂಟ್ಯೂಬಿನಲ್ಲಿ ದಿನವಹಿ ಸುದ್ದಿ ಶುರುಮಾಡಿ, ನೋಡುಗರನ್ನೇ ವಂತಿಗೆ ಕೇಳಿದರು. ಮೆಂಫಿಸ್‌ನಲ್ಲಿ ವೆಂಡಿ ಥಾಮಸ್ 2017ರಲ್ಲಿ ಕಟ್ಟಿದ ‘ಎಂಎಲ್‌ಕೆ50’, 2022ರ ‘ಕ್ಯಾಪಿಟಲ್ ಬಿ’ ಎಂಬ ಸುದ್ದಿತಾಣಗಳು ಲಾಭದ ಆಸೆ ಬಿಟ್ಟು ದತ್ತಿಹಣದಲ್ಲಿ ನಡೆಯುತ್ತವೆ. ಐಡಾ ವೆಲ್ಸ್ ಅವರ ಊರಿನಲ್ಲೇ ಬಡವರ ಮೇಲಿನ ಆಸ್ಪತ್ರೆ ಸಾಲದ ದಾವೆಗಳ ಬಗ್ಗೆ ಥಾಮಸ್ ಬರೆದ ಮೇಲೆ ಆಸ್ಪತ್ರೆ ಒಂದು ಕೋಟಿಗೂ ಹೆಚ್ಚು ಡಾಲರ್ ಸಾಲ ಮನ್ನಾ ಮಾಡಿತು. ಇಂಥ ಕೆಲಸಕ್ಕೆ ಯಾವ ಸೋಪಿನ ಕಂಪನಿ ಹರಾಜು ಕೂಗುತ್ತದೆ ಹೇಳಿ.

ನಾವೇನು ಕಮ್ಮಿ? 1920ರಲ್ಲಿ ಅಂಬೇಡ್ಕರ್ ‘ಮೂಕನಾಯಕ’ ಹೊರಡಿಸುವಾಗ ತಿಲಕರ ‘ಕೇಸರಿ’ ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲಿಲ್ಲ. ಅಲ್ಲಿ ಜಾಹೀರಾತು ಪತ್ರಿಕೆಯನ್ನು ಮುಟ್ಟುವುದಿಲ್ಲ; ಇಲ್ಲಿ ಪತ್ರಿಕೆ ಜಾಹೀರಾತನ್ನೇ ಮುಟ್ಟಲಿಲ್ಲ. ಬೆಂಗಳೂರಿನಿಂದ ‘ದಲಿತ್ ವಾಯ್ಸ್’ ನಡೆಸುತ್ತಿದ್ದ ವಿ.ಟಿ. ರಾಜಶೇಖರ್ ದಲಿತರನ್ನು ಭಾರತದ ಕಪ್ಪು ಅಸ್ಪೃಶ್ಯರೆಂದು ಕರೆದು ಬರೆದ ಪುಸ್ತಕವನ್ನು ಅಟ್ಲಾಂಟಾದವರು ಅಚ್ಚುಹಾಕಿದರು. 2019ರಲ್ಲಿ ನ್ಯೂಸ್‌ಲಾಂಡ್ರಿ ಮತ್ತು ಆಕ್ಸ್‌ಫ್ಯಾಮ್ ಸೇರಿ ಸುದ್ದಿಮನೆಗಳ ಮೇಲಿನ ಕುರ್ಚಿ ಎಣಿಸಿದಾಗ 121ರಲ್ಲಿ 106 ಮೇಲ್ಜಾತಿಯವರದ್ದು. ಪರಿಶಿಷ್ಟ ಜಾತಿ, ಪಂಗಡದವರದ್ದು ಒಂದೂ ಇಲ್ಲ. ನಮ್ಮ ಮಡಿಗೆ ಸಾಫ್ಟ್‌ವೇರಿನ ಖರ್ಚೂ ಇಲ್ಲ.

ಮತ್ತೆ ಅಮೆರಿಕಕ್ಕೆ. 2025 ಬಂದಾಗ ವಾಷಿಂಗ್ಟನ್ನಿನ ಗಾಳಿ ತಿರುಗಿತ್ತು. ಮೆಟಾ, ಟಾರ್ಗೆಟ್, ವಾಲ್‌ಮಾರ್ಟ್‌ಗಳು ವೈವಿಧ್ಯದ ಬೋರ್ಡುಗಳನ್ನು ಇಳಿಸತೊಡಗಿದ್ದವು. ಫೆಬ್ರವರಿಯಲ್ಲಿ, ಹೌದು, ಅದೇ ತಿಂಗಳಲ್ಲಿ, ಪ್ರಸಾರ ನಿಯಂತ್ರಣ ಆಯೋಗದ ಹೊಸ ಅಧ್ಯಕ್ಷ ಬ್ರೆಂಡನ್ ಕಾರ್ ಒಂದು ಕಂಪನಿಯ ಮೇಲೆ ತನಿಖೆ ಆರಂಭಿಸಿದರು. ವೈವಿಧ್ಯ, ಸಮಾನತೆ ಎಂದು ಅತಿಯಾಗಿ ಆಡುತ್ತಿದೆ ಎಂಬ ಗುಮಾನಿ. ಕಂಪನಿಯ ಹೆಸರು ಕಾಮ್‌ಕ್ಯಾಸ್ಟ್. ಅವರ ವಕೀಲರಿಗೆ ಹೆಚ್ಚು ತೊಂದರೆ ಇರಬಾರದು. ಕಪ್ಪು ಮಾಲೀಕನೊಬ್ಬನನ್ನು ಬಾಗಿಲಾಚೆ ನಿಲ್ಲಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದ ಕಡತಗಳು ಇದ್ದೇ ಇವೆ, ಅವನ್ನು ತೆರೆದು ತೋರಿಸಿದರಾಯಿತು. ಸಾಕ್ಷಿ ಹೇಳಲು ಅಂದಿನ ನ್ಯಾಯ ಇಲಾಖೆಯನ್ನು ಕರೆಸಬಹುದು. ಹೇಗೂ ದೇಶಕ್ಕೆ ಅಂದಿನ ಅಧ್ಯಕ್ಷರೇ ಇಂದೂ ಇದ್ದಾರೆ.