ನಲವತ್ತು ಅಡಿ ಸಿಟ್ಟು

ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದಿದ್ದ ನಲವತ್ತು ಅಡಿ ಕಂಟೇನರ್ ಸಂದರ್ಶನಕ್ಕೆ ತಕ್ಷಣ ಒಪ್ಪಿತು. ಹೇಗೂ ಕದಲುವ ಲಕ್ಷಣವಿರಲಿಲ್ಲ. ಬಾಗಿಲಿಗೆ ಸೀಲು, ಹೊಟ್ಟೆ ತುಂಬ ಪೀಣ್ಯದ ಶರ್ಟು. ವೈಟ್‌ಫೀಲ್ಡ್ ಡಿಪೊ ಮುಟ್ಟಿ, ಅಲ್ಲಿಂದ ರೈಲು ಹತ್ತಿ ಚೆನ್ನೈ ಬಂದರು ಸೇರಬೇಕು.

ರಫ್ತಿಗೆ ಏನು ರೋಗ ಎಂದು ಅಂಕಣಕಾರರು ನೇರವಾಗಿ ಕೇಳಿದರು.

"ಫ್ಲೈಓವರ್."

ಅಮೆರಿಕದ ಸುಂಕ? 2025ರ ಆಗಸ್ಟ್ 27ರಂದು ನಮಗೆ ಶೇ 50 ಜಡಿದಾಗ ಬಾಂಗ್ಲಾ, ವಿಯೆಟ್ನಾಂಗಳಿಗೆ ಇದ್ದದ್ದು ಶೇ 20 ಅಲ್ಲವೇ?

"ಅದನ್ನ ಟೀವಿಯವರು ನೋಡ್ಕೋತಾರೆ. 2021ರ ಡಿಸೆಂಬರ್‌ನಲ್ಲಿ ಕೇಬಲ್ ಕೆಟ್ಟಿದೆ ಅಂತ ಪೀಣ್ಯ ಫ್ಲೈಓವರ್ ಮುಚ್ಚಿದ್ರು. ಎರಡು ತಿಂಗಳಿಗೆ ಕಾರು, ಬೈಕು ಮೇಲೆ ಹತ್ತಿದ್ವು. ನಮ್ಮನ್ನ ಬಿಟ್ಟಿದ್ದು 2024ರ ಜುಲೈ 29ಕ್ಕೆ! ಎಲೆಕ್ಟ್ರಾನಿಕ್ ಸಿಟಿ ನೋಡಿ. ಅವರ ಸರಕು ತಂತಿಯಲ್ಲೇ ಹೋಗುತ್ತೆ. ಆದ್ರೂ 2010ರಲ್ಲೇ ಹತ್ತು ಕಿಲೋಮೀಟರ್ ಮೇಲುರಸ್ತೆ ಸಿಕ್ತು."

ರೂಪಾಯಿ ಬೆಲೆ, ಬ್ಯಾಂಕ್ ಬಡ್ಡಿ, ಕರೆಂಟು? ಎಲ್ಲಕ್ಕೂ ಅದೇ ಉತ್ತರ.

ಅಷ್ಟರಲ್ಲಿ ಅಂಕಣಕಾರರ ಹಳೇ ರೈಲುಹುಚ್ಚು ಕೆದರಿತು. ಮಂಗಳೂರಿನ ಪಣಂಬೂರು ಬಂದರಿಗೂ ಚೆನ್ನೈಗೂ ಇಲ್ಲಿಂದ ದೂರ ಹೆಚ್ಚುಕಮ್ಮಿ ಒಂದೇ, 350 ಕಿ.ಮೀ. ಹಾಗಿದ್ದೂ ಪೂರ್ವಕ್ಕೇ ಯಾಕೆ ಓಟ? ಪಣಂಬೂರಿನ ಹಾದಿಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಐವತ್ತೈದು ಕಿಲೋಮೀಟರ್ ಘಾಟಿ, 57 ಸುರಂಗ, ಐವತ್ತಡಿಗೆ ಒಂದಡಿ ಏರು, ಮಳೆಗಾಲದ ಗುಡ್ಡಕುಸಿತ. 1979ರಲ್ಲಿ ಬಂದ ಮೀಟರ್ ಗೇಜನ್ನು 1996ರಲ್ಲಿ ಮುಚ್ಚಿ, ಪ್ರಯಾಣಿಕರ ರೈಲು ಮತ್ತೆ ಬಿಟ್ಟದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಸ್ವಾಮಿ, ಹನ್ನೊಂದು ವರ್ಷ!

"ಇದು ಪ್ರಶ್ನೆನಾ, ಭಾಷಣನಾ?"

ಎರಡೂ ಹೌದು ಎಂದರು ಅಂಕಣಕಾರರು. ಕಂಟೇನರ್ ನಗಲಿಲ್ಲ.

"ನಿಮ್ಮ ಸುರಂಗ ಪಕ್ಕಕ್ಕಿಡಿ. ಈ ಶರ್ಟಿನ ಕಾಲರ್ ಹೊಲಿದವಳು ಟಾಯ್ಲೆಟ್ಟಿಗೆ ಎದ್ರೆ ಟಾರ್ಗೆಟ್ ತಪ್ಪುತ್ತೆ ಅಂತ ನೀರು ಕುಡಿಯೋದನ್ನೇ ಕಮ್ಮಿ ಮಾಡಿರ್ತಾಳೆ. ನಾನು ಇಲ್ಲಿ ನಿಂತು ಹಡಗು ತಪ್ಪಿದ್ರೆ ಬೈಯರ್ ಡಿಸ್ಕೌಂಟ್ ಕೇಳ್ತಾನೆ, ಇಲ್ಲಾ ವಿಮಾನದಲ್ಲಿ ಕಳಿಸು ಅಂತಾನೆ. ಆ ದುಡ್ಡು ಯಾರ ಓವರ್‌ಟೈಮಿಂದ ಹೋಗುತ್ತೆ? 2016ರ ಫೆಬ್ರವರಿಯಲ್ಲಿ ಈ ಗಾರ್ಮೆಂಟ್ ಹೆಂಗಸರ ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋತನಕ ಹಿಡಿದಿಡೋ ನಿಯಮ ತಂದ್ರು. ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ಜಾಲಹಳ್ಳಿ ಕ್ರಾಸ್ ತುಂಬ ಹೆಂಗಸರು. ಲಾಠಿ, ಅಶ್ರುವಾಯು ಎಲ್ಲ ಆದ್ಮೇಲೆ ಎರಡನೇ ದಿನ ನಿಯಮ ವಾಪಸ್. ಮೊದಲೇ ಒಬ್ಬಳನ್ನಾದ್ರೂ ಕೇಳಿದ್ರಾ? ರಫ್ತು ಪ್ರಶಸ್ತಿ ಕೊಡೋ ಸಭೆಯಲ್ಲಿ ವೇದಿಕೆ ಮೇಲೆ ಒಬ್ಬ ಟೈಲರ್‌ನ ನೋಡಿದೀರಾ?"

ಹಿಂದಿನ ಬಿ.ಎಂ.ಟಿ.ಸಿ. ಬಸ್ಸು ಹಾರನ್ ಹೊಡೆಯಿತು. ಅಂಕಣಕಾರರು ಪುಸ್ತಕದಲ್ಲಿ ಗೀಚಿಕೊಂಡರು, ಗಂಟಲು ಸರಿಮಾಡಿಕೊಂಡರು.

"ಆದರೂ ಘಾಟಿಯಲ್ಲಿ ಜೋಡಿ ಹಳಿ ಹಾಕಿದ್ದರೆ..."

"ಮೊದಲು ಶುಕ್ರವಾರದ ಬಗ್ಗೆ ಬರೀರಿ," ಎಂದಿತು ಕಂಟೇನರ್. "ಫ್ಲೈಓವರ್ ಬಿಟ್ಟಾಗ ಷರತ್ತು ಹಾಕಿದ್ರು: ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ದೊಡ್ಡ ಗಾಡಿ ಹತ್ತಂಗಿಲ್ಲ. ಹಡಗಿಗೂ ವಾರದ ರಜೆ ಕೊಟ್ಟಿದ್ದಾರಾ, ಕೇಳಿ ಹೇಳಿ."