ಅನ್ನದ ಗುತ್ತಿಗೆ

ಸಿಂಗಪುರದ ಗಗನಚುಂಬಿ ಸೌಧಗಳನ್ನು ಕಟ್ಟುವ ಬಾಂಗ್ಲಾದೇಶೀಯರೂ ತಮಿಳುನಾಡಿನವರೂ ನೂರು ನೂರಾಗಿ ವಾಸಿಸುವ ವಸತಿಗೃಹಗಳಿಗೆ ತಿಂಗಳ ಲೆಕ್ಕದಲ್ಲಿ ಅನ್ನವನ್ನೊದಗಿಸುವ ಗುತ್ತಿಗೆದಾರರೊಬ್ಬರೊಡನೆ ಪತ್ರಿಕಾಕರ್ತನೊಬ್ಬನು ನಡೆಸಿದ ಕಲ್ಪಿತ ಸಂವಾದವಿದು.

"ಮಧ್ಯಾಹ್ನದ ಊಟವು ನಸುಕಿನಲ್ಲಿಯೇ ಬರುವುದಂತೆ, ಸ್ವಾಮಿ?"

"ಆಲಸ್ಯವೆಂಬುದು ನಮ್ಮಲ್ಲಿಲ್ಲ. ಲೋಕವೆಲ್ಲ ನಿದ್ರಿಸುತ್ತಿರುವ ನಡುರಾತ್ರಿಯಲ್ಲಿ ಬೇಯಿಸಿ, ಪೊಟ್ಟಣ ಕಟ್ಟಿ, ಕೆಲಸದ ಲಾರಿಯು ಹೊರಡುವುದಕ್ಕೆ ಮುಂಚೆಯೇ ತಲುಪಿಸಿಬಿಡುವ ನಮ್ಮ ಸಮಯಪ್ರಜ್ಞೆಯನ್ನು ಯಾರು ತಾನೆ ಆಕ್ಷೇಪಿಸಬಲ್ಲರು?"

"ಆ ಸೆಖೆಯಲ್ಲಿ ಅದು ಹಳಸದೆ?"

"ಹಳಸುವುದು ಅನ್ನದ ಸ್ವಭಾವ, ಒದಗಿಸುವುದು ನಮ್ಮ ಧರ್ಮ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕಲ್ಲವೆ?"

"ತಿಂಗಳ ಕೊನೆಗೆ ಬರುವ ಹಣ?"

"ಅದು ಫಲವಲ್ಲ, ವ್ಯವಹಾರ."

"ಸಾರಿನಲ್ಲಿ ಬೇಳೆ ಕಾಣದೆಂದು ದೂರು."

"ಸೂಕ್ಷ್ಮದೃಷ್ಟಿಯುಳ್ಳವರಿಗೆ ಕಾಣುವುದು. ಆಹಾರದಲ್ಲಿ ಸಸಾರಜನಕವಿರಬೇಕೆಂಬ ಶಾಸ್ತ್ರವನ್ನು ನಾವು ಬಲ್ಲೆವು. ಆದರೆ ದರವನ್ನು ಗೊತ್ತುಮಾಡುವವರು ಶಾಸ್ತ್ರಜ್ಞರಲ್ಲವಷ್ಟೆ!"

(ಈ ಒಂದು ಮಾತು ಮಾತ್ರ ನಿಜವೆಂದು ನನಗೂ ತೋರುತ್ತದೆ.)

"ಅವರೇ ಅಡುಗೆ ಮಾಡಿಕೊಂಡರೆ?"

"ಧಾರಾಳವಾಗಿ! ಹನ್ನೆರಡು ತಾಸು ದುಡಿದು ಬಂದವರು ಒಲೆಯ ಮುಂದೆ ಸರದಿ ಕಾಯುವುದೂ ಒಂದು ವ್ಯಾಯಾಮವೇ."

2020ರ ಏಪ್ರಿಲಿನಲ್ಲಿ ಸೋಂಕು ಹರಡಿ ವಸತಿಗೃಹಗಳ ಬಾಗಿಲು ಮುಚ್ಚಿದಾಗ, ಮೂರು ಲಕ್ಷಕ್ಕೂ ಮಿಕ್ಕ ಈ ಕಾರ್ಮಿಕರ ಊಟವನ್ನು ಸರ್ಕಾರವೇ ಮುಂದೆ ನಿಂತು ಏರ್ಪಡಿಸಬೇಕಾಯಿತು. ಅಲ್ಲಿಯವರೆಗೆ ಆ ಪೊಟ್ಟಣವನ್ನು ಬಿಚ್ಚಿ ನೋಡಿದವರು, ಉಣ್ಣುವವರನ್ನುಳಿದು, ವಿರಳ.