ಇವತ್ತು ಎಂತ ಸಿಕ್ಕಿತು ಮಾಷ್ಟ್ರೆ?

ಬೆಳಿಗ್ಗೆ ಏಳೂವರೆಗೆ ದಾಸವಾಳದ ಬೇಲಿಯಾಚೆಯಿಂದ ಈ ಪ್ರಶ್ನೆ ಬರದಿದ್ದರೆ ನನಗೆ ಕಾಫಿ ಒಳಗೆ ಇಳಿಯುವುದಿಲ್ಲ. ಕೇಳುವವರು ಪಕ್ಕದ ಮನೆಯ ಅಕ್ಕ. ಪ್ರಾಯದಲ್ಲಿ ಮೀನಿನ ಬುಟ್ಟಿ ಹೊತ್ತು ಕುಂದಾಪುರದ ಆಚೀಚೆ ಹತ್ತೂರು ಸುತ್ತಿದವರು. ಈಗ ಮಂಡಿಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲೇ ಕೂತು ಹತ್ತೂರಿನ ಸುದ್ದಿ ತರಿಸಿಕೊಳ್ಳುತ್ತಾರೆ.

“ಎಂತದೂ ಇಲ್ಲ ಅಕ್ಕ.”

“ಅದನ್ನೂ ಬರ್ದ್ರಾ?”

ಬರೆದಿದ್ದೆ. ಪೆನ್ಷನ್ ಆದ ಮೇಲೆ ನಾನು ಹಿಡಿದ ಉದ್ಯೋಗ ಇದು. ಅಳಿವೆಯಿಂದ ಕೊನೆಯ ಗಾಳಿಮರದವರೆಗೆ ಒಂದೂವರೆ ಕಿಲೋಮೀಟರ್ ಕಡಲ ದಂಡೆ ನನ್ನ ಪಾಲು. ಉಬ್ಬರವೋ ಇಳಿತವೋ, ಗಾಳಿ ಯಾವ ಕಡೆಯದು, ಸತ್ತು ಬಿದ್ದದ್ದು ಏನು, ಜೀವ ಇರುವುದು ಏನು, ಹೊಯ್ಗೆ ಎಷ್ಟು ಕೊಚ್ಚಿಹೋಯಿತು, ಎಲ್ಲವನ್ನೂ ನೂರು ಪುಟದ ಪುಸ್ತಕದಲ್ಲಿ ಗೆರೆ ಎಳೆದು ತುಂಬಿಸುವುದು. ಟಿಎ ಇಲ್ಲ, ಡಿಎ ಇಲ್ಲ. ಹೊಯ್ಗೆಯ ಅಳತೆಗೆ ಒಂದು ತೆಂಗಿನ ಮರವನ್ನು ಗೊತ್ತು ಮಾಡಿಕೊಂಡಿದ್ದೇನೆ. ಹಿಂದಿನ ಮಳೆಗಾಲಕ್ಕೆ ಮೊದಲು ಅದರ ಬೇರೇ ಕಾಣುತ್ತಿರಲಿಲ್ಲ, ಈಗ ನನ್ನ ಮೊಣಕಾಲಿನಷ್ಟು ಎತ್ತರಕ್ಕೆ ಬೇರು ಹೊರಗೆ ನಿಂತಿದೆ. ಇಂಥದ್ದು ಬಿಟ್ಟರೆ ಹೆಚ್ಚಿನ ದಿನ ಸೊನ್ನೆಯೇ. ಮೂವತ್ತು ವರ್ಷ ಗಣಿತದಲ್ಲಿ ಮಕ್ಕಳಿಗೆ ಸೊನ್ನೆ ಕೊಟ್ಟ ಪಾಪ, ಈಗ ದಿನಾ ನನ್ನ ಕೈಯಲ್ಲೇ ಬರೆಸಿಕೊಳ್ಳುತ್ತಿದೆ.

“ಇಲ್ಲದ್ದನ್ನು ಬರೆಯುದು ಎಂತಕ್ಕೆ ಮಾರಾಯ್ರೆ?” ಎಂದು ಅಕ್ಕ ಒಮ್ಮೆ ಗಟ್ಟಿಯಾಗಿಯೇ ಕೇಳಿದರು.

“ಸಿಕ್ಕಿದ ದಿನ ಮಾತ್ರ ಬರೆದರೆ, ಉಳಿದ ದಿನ ಆಮೆ ಬರಲಿಲ್ಲವೋ, ಮಾಷ್ಟ್ರೇ ಹೋಗಲಿಲ್ಲವೋ ಹೇಗೆ ಗೊತ್ತಾಗುವುದು?”

ಅಕ್ಕ ಸ್ವಲ್ಪ ಯೋಚಿಸಿದರು. “ಅದು ಹೌದು. ನಿಮ್ಗೆ ಉದಾಸೀನವೂ ಉಂಟಲ್ಲ.”

ಈ ಹುಚ್ಚು ನನಗೊಬ್ಬನಿಗೇ ಅಲ್ಲ. ಚೆನ್ನೈಯಲ್ಲಿ ವಿದ್ಯಾರ್ಥಿಗಳೇ ಕಟ್ಟಿಕೊಂಡ ಒಂದು ಗುಂಪು 1988ರಿಂದ ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ರಾತ್ರಿಯೆಲ್ಲ ದಂಡೆಯ ಮೇಲೆ ನಡೆಯುತ್ತದೆ. ಅಮೆರಿಕದ ಓರೆಗಾನ್‌ನಲ್ಲಿ ಇಡೀ ಕರಾವಳಿಯನ್ನೇ ಮೈಲಿ ಮೈಲಿ ತುಂಡು ಮಾಡಿ ಜನ ದತ್ತು ತೆಗೆದುಕೊಂಡು ನೋಡುತ್ತಾರೆ. ಇದನ್ನು ಹೇಳಿದಾಗ ಅಕ್ಕ ನಕ್ಕ ನಗೆಗೆ ಬೇಲಿಯ ಕಾಗೆ ಹಾರಿತು. “ಕಡಲನ್ನು ದತ್ತು ತಕ್ಕೊಳ್ಳುದಾ? ಕೊಟ್ಟವರು ಯಾರು, ಅಪ್ಪನಾ ಅಮ್ಮನಾ?” ಅಲ್ಲಿ 1967ರ ಕಾನೂನಿನಂತೆ ದಂಡೆಯೆಲ್ಲ ಸಾರ್ವಜನಿಕರಿಗೆ ಮುಕ್ತ ಎಂದೆ. “ನಮ್ಮದೂ ಮೊದ್ಲು ಹಾಗೇ ಇತ್ತು” ಎಂದು ಅಕ್ಕ ಸುಮ್ಮನಾದರು. ಆ ಮಾತಿಗೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಒಂದು ಜನವರಿಯ ಬೆಳಿಗ್ಗೆ ಮಾತ್ರ ಸೊನ್ನೆ ತಪ್ಪಿತು. ನೀರಿನ ಅಂಚಿನಿಂದ ಮೇಲಕ್ಕೆ ಬಂದು, ಸುತ್ತಿ ಮತ್ತೆ ನೀರಿಗೆ ಇಳಿದ ಪಟ್ಟಿ, ಎರಡೂ ಬದಿಗೆ ಹಲ್ಲುಹಲ್ಲು ಗುರುತು. ‘ಟಿಲ್ಲರ್ ಗಾಲಿ?’ ಎಂದು ಬರೆದು ತಂದೆ.

“ಟಿಲ್ಲರನ್ನು ಕಡಲಿಗೆ ಇಳಿಸಿ ಬಂಗುಡೆಗೆ ಗದ್ದೆ ಉಳುದಾ? ಬಲದ ಕೈ, ಎಡದ ಕೈ ಒಂದಾದ ಮೇಲೆ ಒಂದು ಇಟ್ಟ ಹಾಗೆ ಉಂಟಾ?”

“ಉಂಟು.”

“ಆಮೆ ಮಾಷ್ಟ್ರೆ, ಆಮೆ!”

ಮಂಡಿನೋವು ಎಲ್ಲಿಗೆ ಹೋಯಿತೋ, ನನಗಿಂತ ಮುಂದೆ ನಡೆದರು. ಗುರುತು ತಿರುಗಿದ ಜಾಗದಲ್ಲಿ ಹೊಯ್ಗೆ ಕೆದರಿತ್ತು. ಕೆಲವು ಸಲ ಆಮೆ ಮೇಲೆ ಬಂದು, ಬೆಳಕಿಗೋ ಸದ್ದಿಗೋ ಬೆದರಿ, ಮೊಟ್ಟೆಯಿಡದೆ ವಾಪಸು ಹೋಗುವುದೂ ಇದೆ. ಆದ್ದರಿಂದ ಗುರುತು ಕಂಡಲ್ಲೆಲ್ಲ ಗೂಡು ಎನ್ನುವ ಹಾಗಿಲ್ಲ. ಅಕ್ಕ ಸಪೂರ ಕೋಲಿನಿಂದ ಮೆಲ್ಲ ಚುಚ್ಚುತ್ತ ಬಂದರು, ಒಂದು ಕಡೆ ಕೋಲು ಮೆತ್ತಗೆ ಇಳಿಯಿತು. “ಇಲ್ಲೇ.” ಎಲ್ಲಿ ಕಲಿತಿರಿ ಎಂದು ಕೇಳಬಾರದಿತ್ತು, ಕೇಳಿದೆ. ಸಣ್ಣದಿರುವಾಗ ಮೊಟ್ಟೆ ಅಗೆದು ಬೇಯಿಸಿದ್ದರಂತೆ. “ಎಷ್ಟು ಬೇಯಿಸಿದ್ರೂ ಅದರ ಬಿಳಿ ಗಟ್ಟಿ ಆಗ್ಲಿಕ್ಕಿಲ್ಲ. ಅಮ್ಮನಿಗೆ ಗೊತ್ತಾಗಿ, ಕೂರ್ಮಾವತಾರ ಅಂತ ಬೆನ್ನಿಗೆ ಎರಡು ಬಿತ್ತು.” ಈಗ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸಿಕ್ಕಿಬೀಳುತ್ತಿದ್ದರು, ಹುಲಿಗೆ ಎಷ್ಟು ರಕ್ಷಣೆಯೋ ಆಮೆಗೂ ಅಷ್ಟೇ. ಎರಡು ಪೆಟ್ಟಿಗೆ ಮುಗಿದದ್ದು ಪುಣ್ಯ.

ಅರಣ್ಯ ಇಲಾಖೆಯವರು ಬಂದು ನೋಡಿದರು. ಆಲಿವ್ ರಿಡ್ಲಿ, ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಇಟ್ಟು ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆಯನ್ನು ತಿರುವಿದರೆ ಒಳಗಿನ ಜೀವ ಸಾಯುತ್ತದೆ, ಹಾಗಾಗಿ ಇದ್ದಲ್ಲೇ ಇರಲಿ ಎಂದಾಯಿತು. ಸುತ್ತ ಬಿದಿರು ನೆಟ್ಟು ಹಳೆಯ ಬಲೆ ಕಟ್ಟಿದೆವು. ಬಲೆ ಆಮೆಯ ಕೊರಳಿಗೆ ಸುತ್ತಿ ಸತ್ತು ಬಿದ್ದದ್ದನ್ನು ಆರು ಸಲ ಬರೆದ ಕೈ ನನ್ನದು. ಅದೇ ಬಲೆ ಇಲ್ಲಿ ಕಾವಲಿಗೆ ನಿಂತಿತ್ತು. ಹೊಯ್ಗೆ ಬಿಸಿಯಾದಷ್ಟೂ ಹೆಣ್ಣುಮರಿ ಹೆಚ್ಚು ಎಂದಾಗ, “ಹಾಗೇ ಇರ್ಬೇಕು, ನಮ್ಮ ನಾಲ್ಕೂ ಹುಡುಗಿಯರು ಸೆಕೆಯಲ್ಲೇ ಹುಟ್ಟಿದ್ದು” ಎಂದರು ಅಕ್ಕ.

ಐವತ್ತು ಚಿಲ್ಲರೆ ದಿನ ನಾಯಿ ಓಡಿಸಿದ್ದೇ ಓಡಿಸಿದ್ದು. ಮಾರ್ಚ್‌ನ ಒಂದು ರಾತ್ರಿ ಹೊಯ್ಗೆ ಕುಸಿದು ಕಪ್ಪು ಮರಿಗಳು ಉಕ್ಕಿದವು. ಉಕ್ಕಿ, ಕಡಲ ಕಡೆ ಹೋಗುವುದು ಬಿಟ್ಟು ರಸ್ತೆಯ ಕಡೆ ಹೊರಟವು! ಹುಟ್ಟಿದ ಮರಿ ಬೆಳಕಿದ್ದ ದಿಕ್ಕಿಗೆ ಹೋಗುತ್ತದೆ. ಲಕ್ಷಾಂತರ ವರ್ಷ ಆ ಬೆಳಕು ಕಡಲಿನ ಮೇಲೇ ಇತ್ತು, ನಮ್ಮ ರಸ್ತೆಗೆ ಎಲ್‌ಇಡಿ ಬಂದು ಮೂರು ವರ್ಷ. ದೀಪ ಆರಿಸಿ ಎನ್ನಲು ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಕ್ಕ ಮನೆಗೆ ಹೋಗಿ ಎರಡು ಹಳೆಯ ಸೀರೆ ತಂದರು. ಊರ ಹುಡುಗರು ಅವನ್ನು ನಾಟಕದ ಪರದೆಯಂತೆ ದೀಪಕ್ಕೆ ಅಡ್ಡ ಹಿಡಿದು ನಿಂತ ಮೇಲೆ ಮರಿಗಳು ತಿರುಗಿ ನೀರಿಗೆ ಮುಖ ಮಾಡಿದವು. ಎಪ್ಪತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಗಣಿತದ ಮಾಷ್ಟ್ರು ಲೆಕ್ಕ ತಪ್ಪಿದ ಸುದ್ದಿ ಬೆಳಗಾಗುವುದರೊಳಗೆ ಹತ್ತೂರಿಗೆ ಹೋಗಿತ್ತು.

ಮತ್ತೆ ಸೊನ್ನೆಗಳು. ಮುಂಗಾರಿಗೆ ಮೊದಲು ಡಾಮರಿನ ಉಂಡೆ, ಮಳೆಗಾಲದಲ್ಲಿ ಜೊತೆ ಸಿಗದ ಚಪ್ಪಲಿ, ಅಷ್ಟೇ. ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಐದನೆಯ ದಿನ ಬೇಲಿಯಾಚೆಯಿಂದ ಸ್ವರ ಬಂತು: “ಮಾಷ್ಟ್ರೆ, ಮೊಮ್ಮಗನನ್ನು ಕಳ್ಸಿದ್ದೆ. ನಾಲ್ಕು ದಿನವೂ ಎಂತದೂ ಇಲ್ಲ. ಬರ್ಕೊಳ್ಳಿ.”

ಬರೆದುಕೊಂಡೆ.

ನೀವೂ ಚಳಿಗಾಲದಲ್ಲಿ ಈ ಕಡೆ ಬನ್ನಿ, ಬೇಡ ಎನ್ನುವುದಿಲ್ಲ. ಹೋಗುವಾಗ ಮಕ್ಕಳು ಹೊಯ್ಗೆಯಲ್ಲಿ ತೋಡಿದ ಗುಂಡಿ ಮುಚ್ಚಿ ಹೋಗಿ. ಆಮೆ ಮರಿ ಇರುವುದು ನಾಲ್ಕು ಸೆಂಟಿಮೀಟರ್, ಬಿದ್ದರೆ ಹತ್ತಲಿಕ್ಕಾಗುವುದಿಲ್ಲ.